ಟುವಾಲುವಿಗೆ ಹೊರಡುವ ಮುನ್ನ: ಹಂತ ಹಂತವಾಗಿ ಒಂದು ಮಾರ್ಗದರ್ಶಿ

ಪೆಸಿಫಿಕ್ ಮಹಾಸಾಗರದ ನಡುವಿನ ಟುವಾಲು ದೇಶಕ್ಕೆ ಹೋಗುವುದು ಹೇಗೆ, ವೀಸಾ ಬೇಕೇ, ಅಲ್ಲಿ ಕಾರ್ಡ್ ನಡೆಯುತ್ತದೆಯೇ, ಎಷ್ಟು ದಿನ ಇದ್ದರೆ ಸಾಕು ಎಂಬ ಪ್ರಶ್ನೆಗಳು ಓದುಗರಿಂದ ಮೇಲಿಂದ ಮೇಲೆ ಬರುತ್ತಿವೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು, ತಯಾರಿಯ ಮೊದಲ ದಿನದಿಂದ ವಾಪಸು ವಿಮಾನ ಹತ್ತುವವರೆಗಿನ ಎಲ್ಲವನ್ನೂ ಇಲ್ಲಿ ಕ್ರಮವಾಗಿ ಹೇಳಿದ್ದೇನೆ. ಪ್ರಶ್ನೆಗಳು ಹಲವಾದರೂ ಬಹುಪಾಲು ತೊಂದರೆಗಳ ಬೇರು ಒಂದೇ: ವಾರಕ್ಕೆ ಕೆಲವೇ ವಿಮಾನಗಳು ಇಳಿಯುವ ದೇಶಕ್ಕೆ, ದಿನಕ್ಕೆ ಹತ್ತು ವಿಮಾನ ಇಳಿಯುವ ಊರಿಗೆ ಹೊರಟವರಂತೆ ದಿನ ಲೆಕ್ಕ ಹಾಕಿಕೊಂಡು ಹೊರಡುವುದು.

ಮೊದಲು ದೇಶದ ಅಳತೆ ತಿಳಿದಿರಲಿ. ಟುವಾಲುವಿನಲ್ಲಿರುವುದು ಒಂಬತ್ತು ದ್ವೀಪಗಳು. ಅವೆಲ್ಲ ಸೇರಿ ನೆಲದ ವಿಸ್ತಾರ ಸುಮಾರು 26 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 11,000. ಬ್ರಿಟಿಷರ ಕಾಲದಲ್ಲಿ ಎಲಿಸ್ ದ್ವೀಪಗಳು ಎನಿಸಿಕೊಂಡಿದ್ದ ಇವು 1978ರ ಅಕ್ಟೋಬರ್ 1ರಂದು ಸ್ವತಂತ್ರವಾದವು. ರಾಜಧಾನಿ ಫುನಾಫುಟಿ ಒಂದು ಅಟಾಲ್, ಅಂದರೆ ಹವಳದ ದಿಬ್ಬಗಳು ಉಂಗುರದಂತೆ ಸುತ್ತುವರಿದು ನಡುವೆ ನೀರು ನಿಂತಿರುವ ದ್ವೀಪಮಾಲೆ. ಆ ಒಳಗಡಲನ್ನು ಲಗೂನ್ ಎನ್ನುತ್ತಾರೆ. ಉಂಗುರದ ಮೇಲಿನ ಒಂದೊಂದು ನೆಲದ ತುಣುಕೂ ಒಂದೊಂದು ನಡುಗಡ್ಡೆ. ಅವುಗಳಲ್ಲಿ ಫೊಂಗಾಫಾಲೆ ಎಂಬ ಉದ್ದನೆಯ ಪಟ್ಟಿಯಲ್ಲಿಯೇ ವಿಮಾನ ನಿಲ್ದಾಣ, ಸರ್ಕಾರಿ ಕಚೇರಿ, ಬ್ಯಾಂಕ್, ಆಸ್ಪತ್ರೆ, ವಸತಿಗೃಹಗಳೆಲ್ಲ ಇವೆ. ದೇಶದ ಅರ್ಧಕ್ಕಿಂತ ಹೆಚ್ಚು ಜನರ ವಾಸ ಫುನಾಫುಟಿಯಲ್ಲೇ. ರೆಸಾರ್ಟ್, ನೀರಿನ ಮೇಲೆ ಕಟ್ಟಿದ ಕುಟೀರ, ಸಾಲಂಗಡಿಗಳ ಕಡಲತೀರ ಬೇಕೆನ್ನುವವರು ಫಿಜಿಯಲ್ಲೇ ಉಳಿಯುವುದು ಮೇಲು. ಟುವಾಲುವಿಗೆ ಹೋಗುವುದೆಂದರೆ ಒಂದು ದೊಡ್ಡ ಹಳ್ಳಿಗೆ ಅತಿಥಿಯಾಗಿ ಹೋದಂತೆ.

ಹಂತ 1: ತಿಂಗಳನ್ನು ಆರಿಸಿಕೊಳ್ಳುವುದು

ಸಮಭಾಜಕ ವೃತ್ತಕ್ಕೆ ಹತ್ತಿರವಿರುವ ಕಾರಣ ವರ್ಷವಿಡೀ ಸೆಕೆ ಒಂದೇ ಸಮ. ವ್ಯತ್ಯಾಸವಿರುವುದು ಮಳೆ ಮತ್ತು ಗಾಳಿಯಲ್ಲಿ ಮಾತ್ರ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಪೂರ್ವದ ಕಡೆಯಿಂದ ಹಿತವಾದ ಗಾಳಿ ಬೀಸುತ್ತದೆ, ಮಳೆ ಕಡಿಮೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆಗಾಲ. ಪಶ್ಚಿಮದಿಂದ ಬಿರುಗಾಳಿ ಬರುವುದೂ ಚಂಡಮಾರುತದ ಭಯ ಇರುವುದೂ ಆಗಲೇ. ಫುನಾಫುಟಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದರಿಂದ ಒಣ ತಿಂಗಳೆಂದರೆ ಮಳೆಯೇ ಇಲ್ಲದ ತಿಂಗಳೆಂದು ತಿಳಿಯಬೇಡಿ.

ಫೆಬ್ರವರಿಯ ಆಸುಪಾಸಿನಲ್ಲಿ ವರ್ಷದ ಅತಿ ಎತ್ತರದ ಉಬ್ಬರಗಳು ಬರುತ್ತವೆ. ಆಗ ಕಡಲ ನೀರು ದಡವನ್ನು ದಾಟಿ ಬರುವುದಷ್ಟೇ ಅಲ್ಲ, ರಂಧ್ರಗಳಿಂದ ಕೂಡಿದ ಹವಳದ ನೆಲದ ಅಡಿಯಿಂದಲೂ ಒಸರಿ ಮನೆಯಂಗಳದಲ್ಲಿ, ರನ್‌ವೇಯ ಬದಿಯಲ್ಲಿ ನಿಲ್ಲುತ್ತದೆ. ಹವಾಮಾನ ಬದಲಾವಣೆಯನ್ನು ಕಣ್ಣಾರೆ ಕಾಣಬೇಕೆಂದು ಕೆಲವರು ಇದೇ ಸಮಯಕ್ಕೆ ಹೋಗುತ್ತಾರೆ. ನನ್ನ ಸಲಹೆ ಬೇರೆ. ಊರಿನವರು ಒಲೆ, ಹಾಸಿಗೆಗಳನ್ನು ಎತ್ತಿಡುತ್ತಿರುವ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದು ಅಂಗಳದಲ್ಲಿ ನಿಲ್ಲುವ ಅತಿಥಿ ಯಾರಿಗೂ ಬೇಕಾಗಿರುವುದಿಲ್ಲ. ಅಕ್ಟೋಬರ್ ಮೊದಲ ವಾರದ ಸ್ವಾತಂತ್ರ್ಯೋತ್ಸವದಲ್ಲಿ ಮೆರವಣಿಗೆ, ನೃತ್ಯ ನೋಡಸಿಗುತ್ತವೆ. ಆದರೆ ವಿಮಾನದ ಆಸನವೂ ಕೊಠಡಿಯೂ ಬೇಗ ತುಂಬುವುದರಿಂದ ಆ ವಾರಕ್ಕೆ ತಿಂಗಳುಗಳ ಮುಂಚೆಯೇ ಏರ್ಪಾಡು ಮಾಡಿಕೊಳ್ಳಬೇಕು.

ಹಂತ 2: ವಿಮಾನ, ಮತ್ತು ಅದರ ಸುತ್ತ ಬಿಡುವಿನ ದಿನಗಳು

ಇಡೀ ಪ್ರಯಾಣದಲ್ಲಿ ಹೆಚ್ಚು ಗಮನ ಬೇಡುವ ಹಂತ ಇದು. ಫುನಾಫುಟಿಗೆ ಮುಖ್ಯ ದಾರಿ ಫಿಜಿ. ಫಿಜಿ ಏರ್‌ವೇಸ್ ಸಂಸ್ಥೆಯ ಎಟಿಆರ್ 72 ವಿಮಾನ, ಅಂದರೆ ಸುಮಾರು ಎಪ್ಪತ್ತು ಆಸನಗಳ ಪ್ರೊಪೆಲ್ಲರ್ ವಿಮಾನ, ಫಿಜಿಯ ರಾಜಧಾನಿ ಸುವಾದಿಂದ ವಾರದಲ್ಲಿ ಕೆಲವು ದಿನ ಮಾತ್ರ ಹೊರಟು ಸುಮಾರು ಎರಡೂವರೆ ಗಂಟೆಯಲ್ಲಿ ತಲುಪುತ್ತದೆ. ಯಾವ ಯಾವ ವಾರಗಳಲ್ಲಿ ಯಾವ ದಿನ ಎಂಬುದು ಋತುವಿಗೆ ತಕ್ಕಂತೆ ಬದಲಾಗುವುದರಿಂದ ಹಳೆಯ ಪ್ರವಾಸ ಕಥನಗಳನ್ನು ನಂಬದೆ ಸಂಸ್ಥೆಯ ಸದ್ಯದ ವೇಳಾಪಟ್ಟಿಯನ್ನೇ ನೋಡಿ.

ಇಲ್ಲಿ ಬಹಳ ಮಂದಿ ಎಡವುವ ಜಾಗ ಒಂದಿದೆ. ಹೊರದೇಶದ ದೊಡ್ಡ ವಿಮಾನಗಳು ಇಳಿಯುವುದು ದ್ವೀಪದ ಪಶ್ಚಿಮ ತುದಿಯ ನಾಡಿಯಲ್ಲಿ. ಬರೆಯುವುದು ಹಾಗೆ, ಅಲ್ಲಿಯವರು ಉಚ್ಚರಿಸುವುದು ‘ನಾಂದಿ’ ಎಂದು. ಟುವಾಲುವಿನ ವಿಮಾನ ಹೊರಡುವುದು ಪೂರ್ವ ತುದಿಯಲ್ಲಿರುವ ಸುವಾದ ನೌಸೋರಿ ವಿಮಾನ ನಿಲ್ದಾಣದಿಂದ. ಇವೆರಡರ ನಡುವೆ ರಸ್ತೆಯಲ್ಲಿ ಸುಮಾರು ನಾಲ್ಕು ಗಂಟೆಯ ಪ್ರಯಾಣವಿದೆ, ಸಣ್ಣ ವಿಮಾನದಲ್ಲಾದರೆ ಅರ್ಧ ಗಂಟೆ. ನೌಸೋರಿ ನಿಲ್ದಾಣ ಸುವಾ ಪೇಟೆಯಿಂದಲೂ ಇಪ್ಪತ್ತು ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿದೆ. ಬೆಳಿಗ್ಗೆ ನಾಡಿಯಲ್ಲಿ ಇಳಿದು ಅದೇ ಬೆಳಿಗ್ಗೆ ಫುನಾಫುಟಿಯ ವಿಮಾನ ಹಿಡಿಯುತ್ತೇನೆಂದು ಟಿಕೆಟ್ ತೆಗೆದುಕೊಳ್ಳಬೇಡಿ. ಹಿಂದಿನ ರಾತ್ರಿಯನ್ನು ಸುವಾದಲ್ಲಿ ಅಥವಾ ನೌಸೋರಿಯ ಬಳಿ ಕಳೆಯುವುದು ಖರ್ಚಲ್ಲ, ರಕ್ಷಣೆ.

ಇನ್ನು ಬಿಡುವಿನ ದಿನಗಳ ಮಾತು. ಮಳೆ, ಗಾಳಿ ಅಥವಾ ಯಂತ್ರದೋಷದಿಂದ ವಿಮಾನ ರದ್ದಾದರೆ ಮುಂದಿನದು ನಾಳೆ ಇರುವುದಿಲ್ಲ, ಎರಡು ಮೂರು ದಿನಗಳ ಮೇಲಿರುತ್ತದೆ. ಅದರಲ್ಲಿಯೂ ಮೊದಲೇ ಆಸನ ಪಡೆದವರಿಗೆ ಆದ್ಯತೆ. ಆದ್ದರಿಂದ ಫುನಾಫುಟಿಯಿಂದ ಫಿಜಿಗೆ ಮರಳುವ ದಿನಕ್ಕೂ ಫಿಜಿಯಿಂದ ಮನೆಗೆ ಹೊರಡುವ ದಿನಕ್ಕೂ ನಡುವೆ ಕನಿಷ್ಠ ಮೂರು ದಿನ ಖಾಲಿ ಬಿಡಿ. ಮಳೆಗಾಲದಲ್ಲಾದರೆ ನಾಲ್ಕೈದು. ರಜೆ ಕಡಿಮೆ ಇದೆ ಎಂದು ಈ ಖಾಲಿ ದಿನಗಳಿಗೇ ಮೊದಲು ಕತ್ತರಿ ಹಾಕುವವರಿದ್ದಾರೆ. ಹಾಗೆ ಮಾಡುವ ಬದಲು ಪ್ರವಾಸವನ್ನೇ ಮುಂದಿನ ವರ್ಷಕ್ಕೆ ಹಾಕಿಕೊಳ್ಳುವುದು ಜಾಣತನ. ವಿಮಾನ ಹೊತ್ತಿಗೆ ಸರಿಯಾಗಿ ಬಂದರೆ ಆ ದಿನಗಳನ್ನು ಫಿಜಿಯಲ್ಲಿ ಕಳೆಯಲು ನೂರು ದಾರಿಗಳಿವೆ.

ಸಾಧ್ಯವಾದರೆ ಎಲ್ಲ ಹಂತಗಳ ಪ್ರಯಾಣವನ್ನೂ ಒಂದೇ ಟಿಕೆಟ್ಟಿನಡಿ ತೆಗೆದುಕೊಳ್ಳಿ. ಆಗ ಒಂದು ವಿಮಾನ ತಪ್ಪಿದರೆ ಮುಂದಿನದರ ಹೊಣೆ ಬಹುಮಟ್ಟಿಗೆ ವಿಮಾನ ಸಂಸ್ಥೆಯ ಮೇಲಿರುತ್ತದೆ. ಬೇರೆ ಬೇರೆ ಟಿಕೆಟ್ಟುಗಳಾದರೆ ತಪ್ಪಿದ ವಿಮಾನದ ಹಣ ನಿಮ್ಮದೇ ನಷ್ಟ.

ಹಂತ 3: ಪಾಸ್‌ಪೋರ್ಟ್ ಮತ್ತು ಪರವಾನಗಿ

ಟುವಾಲುವಿನಲ್ಲಿ ಪ್ರವಾಸಿಗರಿಗೆ ಸಂದರ್ಶಕರ ಪರವಾನಗಿಯನ್ನು ಫುನಾಫುಟಿಯ ನಿಲ್ದಾಣದಲ್ಲೇ ಕೊಡುತ್ತಾರೆ. ಸಾಮಾನ್ಯವಾಗಿ ಅದರ ಅವಧಿ ಒಂದು ತಿಂಗಳು. ಅದಕ್ಕೆ ಕನಿಷ್ಠ ಆರು ತಿಂಗಳು ಬಾಕಿ ಇರುವ ಪಾಸ್‌ಪೋರ್ಟ್, ವಾಪಸು ಟಿಕೆಟ್, ಉಳಿದುಕೊಳ್ಳುವ ಜಾಗದ ವಿವರ ಮತ್ತು ಖರ್ಚಿಗೆ ಸಾಕಷ್ಟು ಹಣವಿದೆಯೆಂಬ ಪುರಾವೆ ಬೇಕು. ಈ ಕಾಗದಗಳೆಲ್ಲವನ್ನೂ ಮುದ್ರಿಸಿ ಕೈಯಲ್ಲಿಟ್ಟುಕೊಳ್ಳಿ. ಫೋನಿನಲ್ಲಿ ಮಿಂಚಂಚೆ ತೆರೆದು ತೋರಿಸುತ್ತೇನೆಂದರೆ ಇಳಿದ ಕೂಡಲೇ ನಿಮಗೆ ಇಂಟರ್ನೆಟ್ ಇರುವುದಿಲ್ಲ. ಪರವಾನಗಿಯ ಶುಲ್ಕಕ್ಕೆ ಆಸ್ಟ್ರೇಲಿಯನ್ ಡಾಲರ್ ನಗದು ಬೇಕಾಗುವುದರಿಂದ ಅದನ್ನು ಸಾಮಾನಿನಲ್ಲಿ ಹಾಕದೆ ಜೇಬಿನಲ್ಲೇ ಇಡಿ.

ನಿಜವಾಗಿ ತೊಡಕಾಗುವುದು ದಾರಿಯ ದೇಶಗಳು. ಭಾರತದ ಪಾಸ್‌ಪೋರ್ಟ್ ಉಳ್ಳವರು ಫಿಜಿಗೆ ಮುಂಚಿತ ವೀಸಾ ಇಲ್ಲದೆಯೇ ಪ್ರವಾಸಿಗರಾಗಿ ಹೋಗಬಹುದು. ಆದರೆ ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡ್ ಮೂಲಕ ಹೋಗುವುದಾದರೆ ಬರಿಯ ವಿಮಾನ ಬದಲಿಸುವುದಕ್ಕೂ ಟ್ರಾನ್ಸಿಟ್ ವೀಸಾ, ಎಂದರೆ ಹಾದುಹೋಗುವ ಅನುಮತಿ, ಪಡೆಯಬೇಕಾಗುತ್ತದೆ. ಟಿಕೆಟ್ ಕೊಡುವ ಜಾಲತಾಣ ಇದನ್ನು ಎಚ್ಚರಿಸುವುದಿಲ್ಲ. ಕಡಿಮೆ ದರವೆಂದು ಸಿಡ್ನಿ ಅಥವಾ ಆಕ್ಲೆಂಡ್ ಮಾರ್ಗ ಹಿಡಿದವರನ್ನು ಹೊರಡುವ ಊರಿನಲ್ಲೇ ತಡೆದು ನಿಲ್ಲಿಸಿಬಿಡುತ್ತಾರೆ. ಸಿಂಗಾಪುರ ಮತ್ತು ಹಾಂಗ್‌ಕಾಂಗ್‌ಗಳಿಂದ ನಾಡಿಗೆ ನೇರ ವಿಮಾನಗಳಿವೆ, ಮೊದಲು ಅವನ್ನು ನೋಡಿ. ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ಟಿಗೆ ಹಣ ಕಟ್ಟುವ ಮುನ್ನ ಆಯಾ ದೇಶಗಳ ವಲಸೆ ಇಲಾಖೆಯ ಪುಟವನ್ನೇ ಓದಿಕೊಳ್ಳುವುದು ನಿಮ್ಮ ಕೆಲಸ.

ಹಂತ 4: ಉಳಿಯುವ ಜಾಗ

ಫೊಂಗಾಫಾಲೆಯಲ್ಲಿ ಲಗೂನಿನ ದಡದಲ್ಲೊಂದು ಹೋಟೆಲ್ ಮತ್ತು ಕುಟುಂಬಗಳು ನಡೆಸುವ ಕೆಲವು ವಸತಿಗೃಹಗಳು ಇವೆ, ಅಷ್ಟೆ. ಅಂತರರಾಷ್ಟ್ರೀಯ ಸಭೆಗೋ ಸಹಾಯ ಯೋಜನೆಗೋ ನಿಯೋಗವೊಂದು ಬಂದಿತೆಂದರೆ ಊರಿನ ಕೊಠಡಿಗಳೆಲ್ಲ ಒಮ್ಮೆಗೇ ತುಂಬುತ್ತವೆ. ಆದ್ದರಿಂದ ವಿಮಾನದ ಟಿಕೆಟ್ಟಿಗಿಂತ ಮೊದಲು ಕೊಠಡಿಯ ಬಗ್ಗೆ ಪತ್ರ ಬರೆದು ಲಿಖಿತ ಉತ್ತರ ಪಡೆಯಿರಿ. ಉತ್ತರ ತಡವಾದರೆ ಮತ್ತೊಮ್ಮೆ ಬರೆಯಿರಿ, ದೂರವಾಣಿ ಮಾಡಿ. ದೇಶದ ಸಂಕೇತ ಸಂಖ್ಯೆ 688. ಕೇಳಬೇಕಾದ ನಾಲ್ಕು ವಿಷಯಗಳೆಂದರೆ ದಿನಕ್ಕೆ ಒಟ್ಟು ದರ, ಊಟ ಸೇರಿದೆಯೇ, ಹಣವನ್ನು ಹೇಗೆ ಕೊಡಬೇಕು, ಮತ್ತು ವಿಮಾನ ರದ್ದಾದರೆ ಅದೇ ಕೊಠಡಿಯಲ್ಲಿ ಮುಂದುವರಿಯಬಹುದೇ. ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಬೇಕಾಗುವುದು ಅದೇ.

ಹಂತ 5: ಹಣ

ಟುವಾಲುವಿನಲ್ಲಿ ಚಲಾವಣೆಯಲ್ಲಿರುವುದು ಆಸ್ಟ್ರೇಲಿಯನ್ ಡಾಲರ್. 1976ರಿಂದ ದೇಶದ ಸ್ವಂತ ನಾಣ್ಯಗಳೂ ಇವೆ. ಅವುಗಳಿಗೂ ಆಸ್ಟ್ರೇಲಿಯನ್ ಡಾಲರಿನಷ್ಟೇ ಬೆಲೆ. ಸ್ವಂತ ನೋಟುಗಳಿಲ್ಲ. ಈ ನಾಣ್ಯಗಳನ್ನು ಹೊರಗೆ ಯಾರೂ ತೆಗೆದುಕೊಳ್ಳುವುದಿಲ್ಲವಾದ್ದರಿಂದ, ನೆನಪಿಗೆ ಒಂದೆರಡನ್ನು ಇಟ್ಟುಕೊಂಡು ಉಳಿದವನ್ನು ಹೊರಡುವ ಮುನ್ನವೇ ಖರ್ಚು ಮಾಡಿ.

ದೇಶಕ್ಕೆ ಮೊದಲ ಎಟಿಎಂ ಬಂದದ್ದು 2025ರ ಏಪ್ರಿಲ್‌ನಲ್ಲಿ. ಆ ಸುದ್ದಿಯನ್ನು ಓದಿದ ಹಲವರು ಇನ್ನು ನಗದು ಬೇಡವೆಂದು ತೀರ್ಮಾನಿಸಿದ್ದಾರೆ. ಅದು ಅವಸರದ ತೀರ್ಮಾನ. ಅಲ್ಲಿನ ರಾಷ್ಟ್ರೀಯ ಬ್ಯಾಂಕ್ ಮೊದಲ ಹಂತದಲ್ಲಿ ಈ ಯಂತ್ರಗಳನ್ನು ತೆರೆದದ್ದು ತನ್ನದೇ ಕಾರ್ಡುಗಳಿಗೆ. ಹೊರದೇಶದ ಕಾರ್ಡಿನಿಂದ ಹಣ ಬಂದರೆ ಅದನ್ನು ಲಾಭವೆಂದುಕೊಳ್ಳಿ, ಬರುತ್ತದೆಂದು ನಂಬಿ ಹೋಗಬೇಡಿ. ಕೊಠಡಿ, ದೋಣಿ, ಬಾಡಿಗೆ ಬೈಕು, ಊಟ ಎಲ್ಲಕ್ಕೂ ನಗದನ್ನೇ ಎಣಿಸಿಕೊಂಡು ಹೊರಡಬೇಕು.

ಲೆಕ್ಕ ಹಾಕುವ ಕ್ರಮ ಹೀಗಿರಲಿ. ಕೊಠಡಿಯ ದಿನದ ದರಕ್ಕೆ ಊಟ ಮತ್ತು ಓಡಾಟದ ಖರ್ಚನ್ನು ಸೇರಿಸಿ ದಿನಗಳ ಸಂಖ್ಯೆಯಿಂದ ಗುಣಿಸಿ. ಅದಕ್ಕೆ ಪರವಾನಗಿಯ ಶುಲ್ಕ ಮತ್ತು ಒಂದು ದಿನದ ದೋಣಿ ಬಾಡಿಗೆ ಕೂಡಿಸಿ. ಆ ಬಳಿಕ, ವಿಮಾನ ಬಾರದೆ ಉಳಿಯಬೇಕಾದರೆ ಎಂದು ಇನ್ನೂ ನಾಲ್ಕು ದಿನಗಳ ಖರ್ಚನ್ನು ಪ್ರತ್ಯೇಕ ಲಕೋಟೆಯಲ್ಲಿಡಿ. ಆ ಲಕೋಟೆಯನ್ನು ಕೊನೆಯ ದಿನದವರೆಗೆ ಮುಟ್ಟಬೇಡಿ. ಐದು, ಹತ್ತು, ಇಪ್ಪತ್ತರ ನೋಟುಗಳೇ ಹೆಚ್ಚಾಗಿರಲಿ, ಸಣ್ಣ ಅಂಗಡಿಗಳಲ್ಲಿ ನೂರರ ನೋಟಿಗೆ ಚಿಲ್ಲರೆ ಸಿಗುವುದು ಕಷ್ಟ. ಆಸ್ಟ್ರೇಲಿಯನ್ ಡಾಲರನ್ನು ಮನೆಯಿಂದಲೇ ತರುವುದು ಒಳ್ಳೆಯದು. ಕಡಿಮೆ ಬಿದ್ದರೆ ಸುವಾದ ಬ್ಯಾಂಕುಗಳಲ್ಲಿ ಬದಲಾಯಿಸಬಹುದು. ಫಿಜಿಯನ್ ಡಾಲರ್ ಬೇರೆ ನಾಣ್ಯ, ಫುನಾಫುಟಿಯ ಅಂಗಡಿಯಲ್ಲಿ ಅದು ನಡೆಯುತ್ತದೆಂದು ಎಣಿಸಬೇಡಿ.

ಹಂತ 6: ಆರೋಗ್ಯ, ನೀರು, ಊಟ

ದೇಶದ ಆಸ್ಪತ್ರೆಯೆಂದರೆ ಫುನಾಫುಟಿಯ ಪ್ರಿನ್ಸೆಸ್ ಮಾರ್ಗರೆಟ್ ಆಸ್ಪತ್ರೆ ಒಂದೇ. ಗಂಭೀರ ಕಾಯಿಲೆಗೆ ರೋಗಿಯನ್ನು ಫಿಜಿಗೆ ಅಥವಾ ಅದಕ್ಕೂ ದೂರಕ್ಕೆ ಕರೆದೊಯ್ಯಬೇಕಾಗುತ್ತದೆ. ಆದ್ದರಿಂದ ಪ್ರಯಾಣ ವಿಮೆಯಲ್ಲಿ ‘ವೈದ್ಯಕೀಯ ಸ್ಥಳಾಂತರ’ ಎಂಬ ಸಾಲು ಇದೆಯೇ ಎಂದು ಹುಡುಕಿ ಓದಿ. ರೋಗಿಯನ್ನು ಬೇರೆ ದೇಶದ ಆಸ್ಪತ್ರೆಗೆ ವಿಮಾನದಲ್ಲಿ ಸಾಗಿಸುವ ಖರ್ಚನ್ನು ವಿಮಾ ಕಂಪನಿ ಭರಿಸುತ್ತದೆ ಎಂದು ಅದರ ಅರ್ಥ. ಆ ಸಾಲಿಲ್ಲದ ಅಗ್ಗದ ವಿಮೆ ಇಂಥ ಜಾಗಕ್ಕೆ ಪ್ರಯೋಜನವಿಲ್ಲ. ನಿತ್ಯ ಔಷಧಿ ಸೇವಿಸುವವರು ಬೇಕಾದುದರ ಮೇಲೆ ಎರಡು ವಾರದಷ್ಟು ಹೆಚ್ಚು ತೆಗೆದುಕೊಂಡು, ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲೇ ಇಡಬೇಕು. ಲಸಿಕೆಗಳ ಬಗ್ಗೆ ಹೊರಡುವುದಕ್ಕೆ ಆರು ವಾರ ಮುಂಚೆ ವೈದ್ಯರನ್ನು ಕಾಣಿ.

ಮಲೇರಿಯಾ ಅಲ್ಲಿಲ್ಲ. ಡೆಂಗಿ ಇದೆ. ಡೆಂಗಿ ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆಯಾದ್ದರಿಂದ ರಾತ್ರಿಯ ಪರದೆಯೊಂದೇ ಸಾಲದು, ಹಗಲು ಹೊತ್ತಿನಲ್ಲೂ ಮುಲಾಮು ಹಚ್ಚಿಕೊಳ್ಳಬೇಕು. ಹವಳದ ಕಲ್ಲಿಗೆ ತರಚಿದ ಗಾಯ ಸಣ್ಣದೆಂದು ಬಿಡಬೇಡಿ. ಆ ತೇವದ ಸೆಕೆಯಲ್ಲಿ ಅದು ಬೇಗ ಕೀವಾಗುತ್ತದೆ. ಕೂಡಲೇ ಸಿಹಿನೀರಿನಲ್ಲಿ ತೊಳೆದು ನಂಜುನಿರೋಧಕ ಹಚ್ಚಿ.

ಟುವಾಲುವಿನಲ್ಲಿ ನದಿಯಿಲ್ಲ, ಹೊಳೆಯಿಲ್ಲ. ಮಾಡಿನಿಂದ ಇಳಿದು ತೊಟ್ಟಿಯಲ್ಲಿ ಸೇರಿದ ಮಳೆನೀರೇ ಕುಡಿಯುವ ನೀರು. 2011ರಲ್ಲಿ ಮಳೆ ಕೈಕೊಟ್ಟಾಗ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ಕುದಿಸಿದ ಅಥವಾ ಬಾಟಲಿಯ ನೀರನ್ನೇ ಕುಡಿಯಿರಿ. ಸ್ನಾನಕ್ಕೆ ಒಂದು ಬಕೆಟ್ಟಿನಷ್ಟೇ ಸಾಕೆಂದುಕೊಳ್ಳಿ. ನೀವು ಸುರಿದುಕೊಂಡ ನೀರು ಆ ಮನೆಯವರ ತೊಟ್ಟಿಯದು.

ಊಟದಲ್ಲಿ ಮೀನು, ಅನ್ನ ಮತ್ತು ತೆಂಗು ಮುಖ್ಯ. ಜೊತೆಗೆ ದೀವಿ ಹಲಸು, ಮತ್ತು ಪುಲಾಕಾ ಎಂಬ ಗೆಡ್ಡೆ. ಕೆಸುವಿನ ಜಾತಿಯ ಈ ಗೆಡ್ಡೆಯನ್ನು ಹವಳದ ನೆಲದಲ್ಲಿ ಆಳವಾದ ಹೊಂಡ ತೋಡಿ, ಎಲೆಗೊಬ್ಬರ ತುಂಬಿ ಬೆಳೆಸುತ್ತಾರೆ. ಕಡಲಿನ ಉಪ್ಪು ಹೊಂಡಗಳಿಗೆ ಇಳಿಯುತ್ತಿರುವುದರಿಂದ ಅದು ಈಗ ಮೊದಲಿನಷ್ಟು ಸಿಗುವುದಿಲ್ಲ. ತರಕಾರಿ ಕಡಿಮೆ, ತುಟ್ಟಿ. ತೈವಾನಿನ ತಾಂತ್ರಿಕ ತಂಡ ನಡೆಸುವ ತೋಟದಿಂದ ಬರುವ ಸೊಪ್ಪು, ಸೌತೆಗಳಿಗೆ ಬೆಳಿಗ್ಗೆಯೇ ಜನ ಸೇರುತ್ತಾರೆ. ಸಸ್ಯಾಹಾರಿಗಳು ಕೊಠಡಿ ಕಾಯ್ದಿರಿಸುವಾಗಲೇ ಸ್ಪಷ್ಟವಾಗಿ ತಿಳಿಸಿ, ಮೀನೂ ಬೇಡವೆಂಬುದನ್ನು ಬಿಡಿಸಿ ಹೇಳಬೇಕು. ಮುಚ್ಚಿದ ಪೊಟ್ಟಣದ ಸಿದ್ಧ ಆಹಾರವನ್ನು ಒಯ್ಯಬಹುದು. ಬೀಜ, ಹಸಿ ಹಣ್ಣು, ತರಕಾರಿಗಳನ್ನು ಒಯ್ಯಬೇಡಿ, ಮತ್ತು ಏನೇ ತಿನಿಸು ಇದ್ದರೂ ಸುಂಕದ ನಮೂನೆಯಲ್ಲಿ ಬರೆಯಿರಿ. ಮೀನು ತಿನ್ನುವವರಿಗೆ ಒಂದು ಎಚ್ಚರಿಕೆ: ಹವಳದ ದಿಬ್ಬದ ದೊಡ್ಡ ಮೀನುಗಳಲ್ಲಿ ಸಿಗ್ವಟೆರಾ ಎಂಬ ನಂಜು ಇರಬಹುದು. ಬೇಯಿಸಿದರೂ ಅದು ಹೋಗುವುದಿಲ್ಲ, ರುಚಿಯಲ್ಲಿ ಗೊತ್ತಾಗುವುದೂ ಇಲ್ಲ. ಆಳಕಡಲಿನ ಟ್ಯೂನಾ ಮೀನಿನಲ್ಲಿ ಈ ಭಯವಿಲ್ಲ.

ಹಂತ 7: ಸಾಮಾನು ಕಟ್ಟುವುದು

ಸಣ್ಣ ವಿಮಾನವಾದ್ದರಿಂದ ತೂಕದ ಮಿತಿ ಬಿಗಿ. ಭಾರ ಹೆಚ್ಚಾದ ದಿನ ಕೆಲವು ಪೆಟ್ಟಿಗೆಗಳು ಹಿಂದುಳಿದು ಮುಂದಿನ ವಿಮಾನದಲ್ಲಿ ಬರುವುದುಂಟು. ಮುಂದಿನದು ಎಂದರೆ ಎಷ್ಟು ದಿನವೆಂದು ಮೇಲೆ ಓದಿದ್ದೀರಿ. ಮೂರು ದಿನದ ಬಟ್ಟೆ, ಔಷಧಿ, ಹಣ, ಚಾರ್ಜರ್‌ಗಳು ಕೈಚೀಲದಲ್ಲೇ ಇರಲಿ.

ಇವುಗಳ ಜೊತೆಗೆ ಆಸ್ಟ್ರೇಲಿಯಾ ಮಾದರಿಯ, ಓರೆ ಕಡ್ಡಿಗಳ ಪ್ಲಗ್ಗಿಗೆ ಹೊಂದುವ ಅಡಾಪ್ಟರ್, ಬಿಸಿಲಿಗೆ ಟೋಪಿ ಮತ್ತು ಉದ್ದ ತೋಳಿನ ತೆಳು ಅಂಗಿ, ಹವಳದ ಮೇಲೆ ನಡೆಯಲು ದಪ್ಪ ಅಟ್ಟೆಯ ನೀರುಬೂಟು, ಸ್ವಂತ ಈಜು ಕನ್ನಡಕ ಮತ್ತು ಉಸಿರು ಕೊಳವೆ, ಟಾರ್ಚು, ಮತ್ತೆ ಮತ್ತೆ ತುಂಬಿಸಿಕೊಳ್ಳುವ ನೀರಿನ ಬಾಟಲಿ ಬೇಕು. 2019ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಬಗೆಯ ಪ್ಲಾಸ್ಟಿಕ್ ವಸ್ತುಗಳ ಆಮದನ್ನು ದೇಶ ನಿಷೇಧಿಸಿದೆ, ಬಟ್ಟೆಯ ಚೀಲ ಒಯ್ಯಿರಿ. ನಕ್ಷೆ, ಟಿಕೆಟ್, ಓದುವ ಪುಸ್ತಕಗಳನ್ನು ಮುಂಚೆಯೇ ಫೋನಿಗೆ ಇಳಿಸಿಕೊಳ್ಳಿ. ಅಲ್ಲಿನ ದೂರಸಂಪರ್ಕ ನಿಗಮದ ಸಿಮ್ ಸಿಗುತ್ತದೆ, ವೇಗವನ್ನು ಮಾತ್ರ ನೆಚ್ಚಿಕೊಳ್ಳುವಂತಿಲ್ಲ.

ಹಂತ 8: ಇಳಿದ ಮೇಲೆ

ಗಡಿಯಾರವನ್ನು ಫಿಜಿಯಲ್ಲಿ ಹೊಂದಿಸಿದ್ದರೆ ಮತ್ತೆ ತಿರುಗಿಸಬೇಕಾಗಿಲ್ಲ, ಎರಡೂ ಕಡೆ ಒಂದೇ ಸಮಯ. ವಿಮಾನ ಬರುವ ಮೊದಲು ಊರಿನಲ್ಲಿ ಸೈರನ್ ಕೂಗುತ್ತದೆ. ರನ್‌ವೇಯ ಮೇಲೆ ನಡೆದಾಡುವವರು ಆಗ ಬದಿಗೆ ಸರಿಯಬೇಕು. 1943ರಲ್ಲಿ ಅಮೆರಿಕದ ನೌಕಾಪಡೆ ಯುದ್ಧಕ್ಕೆಂದು ಕಟ್ಟಿದ ಈ ಓಡುದಾರಿ, ವಿಮಾನವಿಲ್ಲದ ಸಂಜೆಗಳಲ್ಲಿ ಊರಿನ ಆಟದ ಬಯಲು. ಅಲ್ಲಿ ವಾಲಿಬಾಲ್, ರಗ್ಬಿ ನಡೆಯುತ್ತವೆ. ಸೆಕೆಯ ರಾತ್ರಿಗಳಲ್ಲಿ ಚಾಪೆ ಹಾಸಿ ಮಲಗುವವರೂ ಉಂಟು. ಸಂಜೆ ಐದರ ಬಳಿಕ ಅಲ್ಲಿಗೆ ಹೋಗಿ ಕುಳಿತರೆ ಊರಿನವರ ಪರಿಚಯ ತಾನಾಗಿಯೇ ಆಗುತ್ತದೆ. ಸೈರನ್ ಕೇಳಿದರೆ ಮಾತ್ರ ಫೋಟೋಕ್ಕೆಂದು ನಿಲ್ಲದೆ ಕೂಡಲೇ ಹೊರಬನ್ನಿ.

ಫೊಂಗಾಫಾಲೆಯ ಉದ್ದ ಸುಮಾರು 12 ಕಿಲೋಮೀಟರ್. ಅಗಲವಾದ ಕಡೆ 400 ಮೀಟರ್, ಕಿರಿದಾದ ಕಡೆ ಒಂದು ಬದಿಯ ಕಡಲಿಗೂ ಇನ್ನೊಂದು ಬದಿಯ ಲಗೂನಿಗೂ ನಡುವೆ ರಸ್ತೆಯೊಂದೇ. ಬಾಡಿಗೆಯ ಮೋಟಾರ್‌ಬೈಕಿನಲ್ಲಿ ಒಂದೇ ದಿನ ಎರಡೂ ತುದಿಗಳನ್ನು ಮುಟ್ಟಿ ಬರಬಹುದು. ವಾಹನ ಎಡಬದಿಯಲ್ಲಿ ಓಡಿಸಬೇಕು. ಹೆಲ್ಮೆಟ್ ಕೊಡುತ್ತಾರೆಯೇ, ಬ್ರೇಕ್ ಹಿಡಿಯುತ್ತದೆಯೇ ಎಂದು ಹಣ ಕೊಡುವ ಮೊದಲೇ ನೋಡಿ; ಬೈಕಿನ ಗಾಯಕ್ಕೆ ವಿಮೆ ಅನ್ವಯಿಸುತ್ತದೆಯೇ ಎಂಬುದನ್ನೂ ಮೊದಲೇ ತಿಳಿದಿರಬೇಕು. ರಾತ್ರಿ ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ.

ನೋಡುವ ಜಾಗಗಳ ಪಟ್ಟಿ ಚಿಕ್ಕದು. ಟುವಾಲುವಿನ ಅಂಚೆಚೀಟಿಗಳಿಗೆ ಸಂಗ್ರಾಹಕರಲ್ಲಿ ಹೆಸರಿದೆ, ಅವನ್ನು ಮಾರುವ ಕಚೇರಿ ನಿಲ್ದಾಣದ ಸಮೀಪದಲ್ಲೇ ಇದೆ. ವಿಜ್ಞಾನದಲ್ಲಿ ಆಸಕ್ತಿಯುಳ್ಳವರು 1890ರ ದಶಕದ ಕೊನೆಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ತಂಡಗಳು ನೆಲವನ್ನು ಕೊರೆದ ಜಾಗವನ್ನು ಕೇಳಿಕೊಂಡು ಹೋಗಬಹುದು. ಅಟಾಲ್‌ಗಳು ಮುಳುಗುತ್ತಿರುವ ಜ್ವಾಲಾಮುಖಿಗಳ ಮೇಲೆ ಬೆಳೆದವು ಎಂಬ ಚಾರ್ಲ್ಸ್ ಡಾರ್ವಿನ್‌ರ ಊಹೆಯನ್ನು ಪರೀಕ್ಷಿಸಲು ಅವರು ಮುನ್ನೂರು ಮೀಟರಿಗೂ ಆಳಕ್ಕೆ ಇಳಿದರೂ ಹವಳದ ಸುಣ್ಣಕಲ್ಲು ಮುಗಿಯಲಿಲ್ಲ. ಈಗ ಕಾಣುವುದು ಒಂದು ಸಣ್ಣ ಗುರುತಷ್ಟೇ. ದೊಡ್ಡ ಸ್ಮಾರಕವನ್ನು ನಿರೀಕ್ಷಿಸಬೇಡಿ. ಲಗೂನಿನ ದಡದಲ್ಲಿ ಮರಳು ತುಂಬಿ ಎತ್ತರಿಸಿದ ಹೊಸ ನೆಲವೂ ನೋಡತಕ್ಕದ್ದು. ಸುಮಾರು 780 ಮೀಟರ್ ಉದ್ದದ ಆ ಬಯಲಿನ ಮೇಲೆ ನಿಂತು ಹಳೆಯ ಊರಿನ ಕಡೆ ನೋಡಿದರೆ, ಎರಡರ ಎತ್ತರದಲ್ಲಿರುವ ವ್ಯತ್ಯಾಸ ಯಾವ ವರದಿಗಿಂತಲೂ ಚೆನ್ನಾಗಿ ಮನದಟ್ಟಾಗುತ್ತದೆ.

ಹಂತ 9: ಊರಿನ ನಡವಳಿಕೆ

‘ತಾಲೋಫಾ’ ಎಂದರೆ ನಮಸ್ಕಾರ, ‘ಫಕಫೆತಾಯ್’ ಎಂದರೆ ಧನ್ಯವಾದ. ಕುಳಿತವರ ಮುಂದೆ ಹಾದುಹೋಗಬೇಕಾದಾಗ ಸ್ವಲ್ಪ ಬಾಗಿ ‘ತುಲೌ’ ಎನ್ನುತ್ತಾರೆ. ದಾಟಿಹೋಗುವುದಕ್ಕೆ ಅಪ್ಪಣೆ ಕೇಳುವ ಮಾತು ಅದು. ಇಂಗ್ಲಿಷ್ ಬಲ್ಲವರು ಫುನಾಫುಟಿಯಲ್ಲಿ ಧಾರಾಳವಾಗಿ ಸಿಗುವರಾದರೂ ಈ ಮೂರು ಮಾತುಗಳನ್ನು ಕಲಿತಿರಿ.

ಊರಿನ ಸಭಾಮಂದಿರಕ್ಕೆ ಫಲೆಕೌಪುಲೆ ಎಂದು ಹೆಸರು. ಒಳಗೆ ಪಾದರಕ್ಷೆ ಬಿಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು, ಕಾಲನ್ನು ಯಾರ ಕಡೆಗೂ ಚಾಚಬಾರದು. ಹಾಡುತ್ತ ಹಾಡುತ್ತ ವೇಗ ಏರುವ ಫಾತೆಲೆ ಎಂಬ ಸಾಮೂಹಿಕ ನೃತ್ಯ ನಡೆಯುವುದು ಇಲ್ಲೇ. ಪ್ರವಾಸಿಗರಿಗೆಂದು ಏರ್ಪಡಿಸಿದ ಪ್ರದರ್ಶನ ಅದಲ್ಲವಾದ್ದರಿಂದ ಕರೆದರೆ ಹೋಗಿ, ಕರೆಯದಿದ್ದರೆ ನಿಮ್ಮ ವಸತಿಗೃಹದವರನ್ನು ಕೇಳಿ ನೋಡಿ. ಉಡುಪು ಮೊಣಕಾಲು ಮುಚ್ಚುವಂತಿರಲಿ. ಈಜುಡುಗೆಯಲ್ಲಿ ಊರೊಳಗೆ ತಿರುಗುವುದು ಅವಿನಯ. ಅಲ್ಲಿಯ ಹೆಂಗಸರು ಸ್ನಾನಕ್ಕಿಳಿಯುವಾಗಲೂ ಅಂಗಿ ತೊಟ್ಟು, ಸೊಂಟಕ್ಕೆ ಬಟ್ಟೆ ಸುತ್ತಿರುತ್ತಾರೆ.

ಭಾನುವಾರ ಚರ್ಚಿನ ದಿನ. ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ದೋಣಿಯವರೂ ಬರುವುದಿಲ್ಲ. ಆ ದಿನದ ಊಟ, ನೀರುಗಳನ್ನು ಶನಿವಾರವೇ ನೋಡಿಕೊಳ್ಳಿ. ಮನುಷ್ಯರಿಲ್ಲದ ನಡುಗಡ್ಡೆಯ ತೆಂಗಿನಮರಕ್ಕೂ ಒಡೆಯರಿದ್ದಾರೆ ಎಂಬುದನ್ನು ಮರೆಯಬೇಡಿ.

ಹಂತ 10: ಲಗೂನ್ ಮತ್ತು ರಕ್ಷಿತ ಪ್ರದೇಶ

ಪ್ರವಾಸದ ಒಂದು ದಿನವನ್ನು ಇದಕ್ಕೆ ಮೀಸಲಿಡಲೇಬೇಕು. ಲಗೂನಿನ ಪಶ್ಚಿಮ ಅಂಚಿನಲ್ಲಿ, ಜನವಸತಿಯಿಲ್ಲದ ಆರು ನಡುಗಡ್ಡೆಗಳೂ ಸುತ್ತಲಿನ ಹವಳದ ದಿಬ್ಬಗಳೂ ಸೇರಿ 33 ಚದರ ಕಿಲೋಮೀಟರಿನ ಫುನಾಫುಟಿ ರಕ್ಷಿತ ಪ್ರದೇಶವಿದೆ. ಅಲ್ಲಿ ಮೀನು ಹಿಡಿಯುವಂತಿಲ್ಲ. ಹೀಗಾಗಿಯೇ ಬಣ್ಣದ ಮೀನುಗಳು, ಕಡಲಾಮೆಗಳು, ಗೂಡುಕಟ್ಟುವ ಹಕ್ಕಿಗಳು ಬೇರೆಲ್ಲಿಗಿಂತ ಹೆಚ್ಚಾಗಿ ಕಾಣಸಿಗುತ್ತವೆ. ಈಜುವುದಕ್ಕೂ ಇದೇ ತಕ್ಕ ಜಾಗ. ಫೊಂಗಾಫಾಲೆಯ ಮನೆಗಳ ಹತ್ತಿರದ ನೀರು ದೂರದಿಂದ ಎಷ್ಟೇ ನೀಲಿಯಾಗಿ ಕಂಡರೂ ಸ್ವಚ್ಛವಲ್ಲ.

ಅಲ್ಲಿಗೆ ಹೋಗಲು ಕೌಪುಲೆಯ, ಅಂದರೆ ದ್ವೀಪದ ಪಂಚಾಯತಿಯ, ಕಚೇರಿಯಲ್ಲಿ ವಿಚಾರಿಸಿ ದೋಣಿ ಗೊತ್ತು ಮಾಡಿಕೊಳ್ಳಬೇಕು. ಇಳಿದ ದಿನವೇ ಹೋಗಿ ಕೇಳಿ. ಮೊದಲ ಒಳ್ಳೆಯ ಹವೆಯ ದಿನವನ್ನೇ ಹಿಡಿಯಿರಿ, ಕೊನೆಯ ದಿನಕ್ಕೆ ಉಳಿಸಿಕೊಂಡವರಿಗೆ ಗಾಳಿ ಎದ್ದು ದೋಣಿ ಸಿಗದೆ ಹೋಗುತ್ತದೆ. ಇಂಧನದ ಬೆಲೆಯಿಂದಾಗಿ ಬಾಡಿಗೆ ತುಟ್ಟಿ, ಮೂರ್ನಾಲ್ಕು ಮಂದಿ ಸೇರಿ ಹಂಚಿಕೊಳ್ಳುವುದು ರೂಢಿ. ತಲೆಗೊಂದರಂತೆ ಜೀವರಕ್ಷಕ ಅಂಗಿ ಇದೆಯೇ, ಎಂಜಿನ್ನು ಕೆಟ್ಟರೆ ಸಂಪರ್ಕಿಸಲು ಸಾಧನವಿದೆಯೇ ಎಂದು ನೀವೇ ನೋಡಿ. ನೆರಳಿಲ್ಲದ ತೆರೆದ ದೋಣಿಯಲ್ಲಿ ಕುಡಿಯುವ ನೀರು ಎಷ್ಟಿದ್ದರೂ ಹೆಚ್ಚಲ್ಲ.

ದೇಶದಲ್ಲಿ ಆಳ ಮುಳುಗಾಟದವರಿಗೆ ಬೇಕಾದ ಒತ್ತಡ ಚಿಕಿತ್ಸೆಯ ಕೋಣೆ ಇಲ್ಲ. ನೀರ ಮೇಲ್ಮೈಯಲ್ಲಿ ಉಸಿರು ಕೊಳವೆಯೊಂದಿಗೆ ತೇಲುವುದಕ್ಕೇ ತೃಪ್ತರಾಗಿ. ಹವಳದ ಮೇಲೆ ನಿಲ್ಲಬೇಡಿ, ಅದು ಜೀವಿ. ಕಲ್ಲಿನಂತೆಯೇ ಕಾಣುವ ಕಲ್ಲುಮೀನಿನ ಮುಳ್ಳು ವಿಷದ್ದು, ಬರಿಗಾಲಿನಲ್ಲಿ ನೀರಿಗಿಳಿಯಬೇಡಿ. ಹೊರಗಡಲಿನ ಬದಿಯಲ್ಲಿ ಮತ್ತು ಎರಡು ನಡುಗಡ್ಡೆಗಳ ನಡುವಿನ ಕಂಡಿಗಳಲ್ಲಿ ಇಳಿತದ ಹೊತ್ತಿನ ಸೆಳೆತ ಬಲವಾಗಿರುತ್ತದೆ, ಅಲ್ಲಿ ಈಜಲೇಬಾರದು.

ಹಂತ 11: ಹೊರದ್ವೀಪಗಳಿಗೆ ಹೋಗುವ ಆಸೆಯಿದ್ದರೆ

ಉಳಿದ ದ್ವೀಪಗಳಿಗೆ ವಿಮಾನವಿಲ್ಲ. ಸರ್ಕಾರಿ ಹಡಗುಗಳೇ ಗತಿ. ಅವು ಹೊರಡುವ ದಿನ ಸರಕು, ಹವಾಮಾನ, ದುರಸ್ತಿಗಳನ್ನು ಅವಲಂಬಿಸಿ ಬದಲಾಗುತ್ತದೆ. ಹಲವು ದ್ವೀಪಗಳಲ್ಲಿ ಹಡಗು ದೂರದಲ್ಲೇ ನಿಂತು, ಪ್ರಯಾಣಿಕರು ಅಲೆಯ ನಡುವೆ ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ಹೋದ ಹಡಗು ಮರಳಿ ಬರುವುದು ವಾರಗಳ ಬಳಿಕವೂ ಆಗಬಹುದು. ಕನಿಷ್ಠ ಒಂದು ತಿಂಗಳ ಬಿಡುವಿಲ್ಲದವರು ಈ ಯೋಚನೆಯನ್ನು ಬಿಡಿ. ಇರುವವರು ಆಯಾ ದ್ವೀಪದ ಕೌಪುಲೆಗೆ ಮೊದಲೇ ತಿಳಿಸಿ, ಉಳಿಯುವ ಏರ್ಪಾಡಾದ ಮೇಲೆಯೇ ಹಡಗು ಹತ್ತಿ.

ಹಂತ 12: ಹೊರಡುವ ದಿನ

ಎರಡು ದಿನ ಮುಂಚೆಯೇ ವಿಮಾನ ಕಚೇರಿಗೆ ಹೋಗಿ ನಿಮ್ಮ ಹೆಸರು ಪಟ್ಟಿಯಲ್ಲಿದೆಯೇ, ಸಮಯ ಬದಲಾಗಿದೆಯೇ ಎಂದು ಕೇಳಿ. ಚಿಪ್ಪಿನ ಸರ, ಹೆಣೆದ ಬೀಸಣಿಗೆ, ಚಾಪೆಗಳನ್ನು ಕೊಂಡಿದ್ದರೆ ಒಂದೆಡೆ ಇಡಿ. ಫಿಜಿಯಲ್ಲಿ ಇಳಿದಾಗ ಜೈವಿಕ ಸುರಕ್ಷಾ ತಪಾಸಣೆಯವರಿಗೆ, ಅಂದರೆ ಕೀಟ ಮತ್ತು ರೋಗ ಒಳಬಾರದಂತೆ ನೋಡಿಕೊಳ್ಳುವ ಅಧಿಕಾರಿಗಳಿಗೆ, ಗಿಡ ಮತ್ತು ಪ್ರಾಣಿಮೂಲದ ವಸ್ತುಗಳನ್ನು ತೋರಿಸಬೇಕು. ಹವಳದ ತುಂಡು, ದೈತ್ಯ ಕಪ್ಪೆಚಿಪ್ಪು, ಆಮೆಯ ಚಿಪ್ಪಿನ ವಸ್ತುಗಳನ್ನು ಕೊಳ್ಳಲೇಬೇಡಿ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಅಡಿಯಲ್ಲಿ ಬರುವ ಅವುಗಳನ್ನು ಗಡಿಯಲ್ಲಿ ಕಸಿದುಕೊಳ್ಳುವುದಲ್ಲದೆ ದಂಡವನ್ನೂ ಹಾಕಬಹುದು.

ಬೆಳಿಗ್ಗೆ ಸಾಮಾನು ತೂಗಿಸಿ, ಸೀಟಿನ ಚೀಟಿ ಪಡೆದ ಮೇಲೆ ನಿಲ್ದಾಣದೊಳಗೇ ಕಾಯಬೇಕೆಂದಿಲ್ಲ, ಸೈರನ್ ಕೇಳುವಷ್ಟು ದೂರದಲ್ಲಿದ್ದರೆ ಸಾಕು. ಕೊಠಡಿಯ ಕೀಲಿಯನ್ನು ಮಾತ್ರ ವಿಮಾನ ರನ್‌ವೇಗೆ ಇಳಿದದ್ದನ್ನು ಕಣ್ಣಾರೆ ಕಂಡ ಬಳಿಕವೇ ಹಿಂದಿರುಗಿಸಿ. ಅಲ್ಲಿಯವರೆಗೆ ಆ ನಾಲ್ಕು ದಿನಗಳ ಲಕೋಟೆಯೂ ಜೇಬಿನಲ್ಲೇ ಇರಲಿ.